ಸಾವಿತ್ರೆವ್ವನ ಮೈಬಣ್ಣ

ಚಿಕ್ಕೋಡಿ ಸುತ್ತಲಿನ ಎಷ್ಟೋ ಮನೆಗಳ ಪಡಸಾಲೆಯಲ್ಲಿ ತೀರಿಹೋದವರ ಎಣ್ಣೆಬಣ್ಣದ ಪಟಗಳಿವೆ. ಅಂಕಲಿಯಲ್ಲಿ ಕುರಿ ಕಾಯುತ್ತಿದ್ದ ಒಬ್ಬ ಮುದುಕ, ನಿಪ್ಪಾಣಿಯ ತಂಬಾಕು ವಖಾರಿಯ ಯಜಮಾನ, ರಾಯಬಾಗದ ಶಾಲೆಯ ಮಾಸ್ತರ, ಹೆರಿಗೆಯಲ್ಲಿ ಹೋದ ಹತ್ತೊಂಬತ್ತರ ಹುಡುಗಿ. ಬದುಕಿದ್ದಾಗ ಇವರು ಒಬ್ಬರನ್ನೊಬ್ಬರು ಕಂಡವರಲ್ಲ. ಆದರೆ ಪಟದಲ್ಲಿ ಎಲ್ಲರ ಮೈಬಣ್ಣವೂ ಒಂದೇ. ಮಳೆಗಾಲ ಕಳೆದ ಬೆಲ್ಲದಂಥ ಕಂದು, ಅದರೊಳಗೆ ಒಂದು ಹಳದಿ ಛಾಯೆ. ಕೆಳಗೆ ಬಲಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಜಕ್ಕಪ್ಪ, ಚಿಕ್ಕೋಡಿ’ ಎಂದಿರುತ್ತದೆ.

ಜಕ್ಕಪ್ಪ ನನ್ನ ಅವ್ವನ ತಮ್ಮ, ನನ್ನ ಮಾಮಾ. ಈ ಬಣ್ಣ ಅವನಿಗೆ ಎಲ್ಲಿ ಸಿಕ್ಕಿತು, ಅದು ಅವನಿಂದ ಏನನ್ನು ಒಯ್ದಿತು ಎಂಬುದು ನಮ್ಮ ಮನೆಯವರನ್ನು ಬಿಟ್ಟರೆ ಹೆಚ್ಚು ಜನರಿಗೆ ತಿಳಿಯದು.

ನಮ್ಮದು ಅಂಕಲಿಯ ಹೊರಗೆ ಹೊಲದಲ್ಲಿದ್ದ ವಸ್ತಿ. ಮೂರೆಕರೆ ಭೂಮಿ, ಒಂದು ಹಿಂಡು ಕುರಿ. ಅಪ್ಪ ತೀರಿಕೊಂಡ ಮೇಲೆ ಅವ್ವ ಶಿವಗಂಗವ್ವ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಅಲ್ಲಿಗೆ, ತನ್ನ ತವರಿಗೆ ಬಂದಿದ್ದಳು. ಮಾಮಾ ಕುರಿಯ ಹಿಂದೆ ಹೋಗುವವನಾಗಿರಲಿಲ್ಲ. ಹೋದರೂ ಬಂಡೆಗಲ್ಲಿನ ಮೇಲೆ ಇದ್ದಿಲಿನಿಂದ ಟಗರು ಬರೆಯುತ್ತ ಕೂತು, ನಿಜವಾದ ಟಗರನ್ನು ಯಾರದೋ ಜೋಳದ ಹೊಲಕ್ಕೆ ಬಿಡುತ್ತಿದ್ದ. ಇವನಿಂದ ಕುರಿ ಉಳಿಯುವುದಿಲ್ಲವೆಂದು ಅಜ್ಜ ಅವನನ್ನು ನಿಪ್ಪಾಣಿಗೆ ಕರೆದೊಯ್ದು ಬೋರ್ಡು ಬರೆಯುವ ಕಾಮಣ್ಣನ ಹತ್ತಿರ ಬಿಟ್ಟ. ಅಲ್ಲಿ ಐದು ವರ್ಷ ಅಂಗಡಿಯ ಹೆಸರು, ವಖಾರಿಯ ಹೆಸರು, ಲಾರಿಯ ನಂಬರು ಬರೆದು ಕೈ ಕುದುರಿದ ಮೇಲೆ ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹತ್ತಿರ ತನ್ನದೇ ಒಂದು ಸಣ್ಣ ಅಂಗಡಿ ಹಾಕಿದ.

ಮರುವರ್ಷ, ಎಪ್ಪತ್ತೆಂಟರಲ್ಲಿ, ಚಿಂಚಲಿಯ ಸಾವಿತ್ರೆವ್ವನ ಜೊತೆ ಅವನ ಮದುವೆಯಾಯಿತು. ಅವಳು ನಮ್ಮ ಮನೆಯಲ್ಲಿ ಇದ್ದದ್ದು ಮೂರು ವರ್ಷ. ಎಂಬತ್ತೊಂದರ ಮಳೆಗಾಲದಲ್ಲಿ ಜ್ವರ ಬಂತು, ನಾಲ್ಕನೆಯ ದಿನ ಹೋದಳು. ಮಕ್ಕಳಾಗಿರಲಿಲ್ಲ. ಅವಳಿಗೆ ಆಗ ಇಪ್ಪತ್ತು.

ಅವಳದೆಂದು ಉಳಿದದ್ದು ಒಂದೇ ಫೋಟೋ. ಮದುವೆಯಾದ ಹೊಸತರಲ್ಲಿ ರಾಯಬಾಗದ ಸ್ಟುಡಿಯೊದಲ್ಲಿ ತೆಗೆಸಿದ ಕಪ್ಪುಬಿಳುಪು ಫೋಟೋ. ಅದರಲ್ಲಿ ಮಾಮಾ ಎದೆ ಮುಂದೆ ಮಾಡಿ ನಿಂತಿದ್ದಾನೆ. ಸಾವಿತ್ರೆವ್ವ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ತಲೆ ತಗ್ಗಿಸಿದ್ದಾಳೆ. ಮೂಗು, ಗದ್ದ, ಒಂದು ಕೆನ್ನೆ ಅಷ್ಟೇ ಕಾಣುತ್ತವೆ.

ನಮ್ಮಲ್ಲಿ ಹೋದವರ ಪಟ ಮಾಡಿಸಿ, ವರ್ಷದ ದಿನ ಮಣೆಯ ಮೇಲಿಟ್ಟು ಎಡೆ ಹಿಡಿಯುತ್ತಾರೆ. ಅಜ್ಜ ಆ ಫೋಟೋವನ್ನು ಒಯ್ದು ದೊಡ್ಡದು ಮಾಡಿಸಿ ತಂದ. ಸ್ಟುಡಿಯೊದವನು ತಾನೇ ಕಣ್ಣು ತಿದ್ದಿ, ಕೆನ್ನೆಗೆ ಗುಲಾಬಿ ಬಳಿದು, ತುಟಿಗೆ ಕೆಂಪು ಹಚ್ಚಿ ಕೊಟ್ಟಿದ್ದ. ಮಾಮಾ ಅದನ್ನು ನೋಡಿ ಗೋಡೆಯ ಕಡೆ ತಿರುಗಿಸಿ ಇಟ್ಟನಂತೆ. ಆ ವರ್ಷ ಮಣೆಯ ಮೇಲೆ ಪಟವಿಲ್ಲದೆ ಬರೀ ತೆಂಗಿನಕಾಯಿ ಇಟ್ಟರು. ಇಷ್ಟು ಹಟ ಯಾಕೆಂದು ಅವ್ವ ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟೇ.

“ಅಕ್ಕಾ, ಆಕೀ ಬಣ್ಣ ನನಗ ಗೊತ್ತೈತಿ. ಕೈಗೆ ಬರಬೇಕಷ್ಟ. ಬಂದ ಮ್ಯಾಲ ನಾನ ಬರೀತೇನಿ.”

ಬೋರ್ಡು ಬರೆಯುವವನ ಕೈಗೆ ಮೈಬಣ್ಣ ಸುಲಭವಾಗಿ ಬರುವುದಿಲ್ಲ. ಬೋರ್ಡಿನ ಕೆಂಪು ಡಬ್ಬಿಯಲ್ಲೇ ಕೆಂಪಗಿರುತ್ತದೆ, ಬಳಿದರೂ ಅದೇ ಕೆಂಪು. ಮನುಷ್ಯನ ಚರ್ಮ ಯಾವ ಡಬ್ಬಿಯಲ್ಲೂ ಸಿಗದು. ಮಾಮಾ ನಿಪ್ಪಾಣಿಗೆ ಹೋಗಿ ಕಾಮಣ್ಣನನ್ನು ಕೇಳಿದ. ಕಾಮಣ್ಣ ಮೊದಲು ನಕ್ಕನಂತೆ.

“ಅಕ್ಷರಾ ಬರದ್ರ ಹೊಟ್ಟಿ ತುಂಬತೈತಿ ಮಗನ. ಮಾರಿ ಬರಿಯಾಕ ಹೋದ್ರ ಹೊಟ್ಟಿ ಉರಿತೈತಿ.”

ಆಮೇಲೆ, ಕಲಿಯುವುದೇ ಆದರೆ ಕೊಲ್ಲಾಪುರಕ್ಕೆ ಹೋಗು, ಅಲ್ಲಿ ಕಲಿಸುವವರಿದ್ದಾರೆ, ನೋಡಲು ಹತ್ತಾರು ಚಿತ್ರಗಳಿವೆ ಎಂದ. ಮಾಮಾ ಹೋಗಲಿಲ್ಲ. ಅಷ್ಟರಲ್ಲಿ ಅವನಿಗೆ ಬೇರೆಯೇ ಒಬ್ಬ ಗುರು ಸಿಕ್ಕಿದ್ದ, ಸತ್ತು ಎಷ್ಟೋ ವರ್ಷವಾದ, ಹೆಸರೂ ಗೊತ್ತಿಲ್ಲದ ಗುರು.

ಏಕಸಂಬಿಯಿಂದ ಆಚೆ ದೂಧಗಂಗೆಯ ದಂಡೆಯ ಒಂದು ಊರಲ್ಲಿ ಕಬ್ಬು, ದ್ರಾಕ್ಷಿ ಬೆಳೆಯುವ ದೊಡ್ಡ ಮನೆತನದ ವಾಡೆಯಿದೆ. ಯಜಮಾನ ಬಾಬಾಸಾಹೇಬ. ಹೊಸ ಟ್ರ್ಯಾಕ್ಟರಿನ ಟ್ರೇಲರಿಗೆ ಹೆಸರು ಬರೆಯಲು ಅವನು ಮಾಮಾನನ್ನು ಕರೆಸಿದ್ದ. ನೀರು ಕೇಳಲು ಬಾಗಿಲಿಗೆ ಹೋದ ಮಾಮಾ ಒಳಗಿನ ಗೋಡೆ ನೋಡಿ ಅಲ್ಲೇ ನಿಂತುಬಿಟ್ಟ. ಬಾಬಾಸಾಹೇಬನ ಅಜ್ಜ, ಹಿರಿಯ ಕಾಕಾಸಾಹೇಬರು, ಆಳೆತ್ತರದ ಚಿತ್ರದಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ತಲೆಗೆ ರುಮಾಲು, ಹೆಗಲ ಮೇಲೆ ಶಾಲು, ಕೋಲಿನ ಹಿಡಿಯ ಮೇಲೆ ಎರಡೂ ಕೈ. ಹಿಂದೆಲ್ಲ ಗವ್ವೆನ್ನುವ ಕತ್ತಲೆ, ಆ ಕತ್ತಲೆಯೊಳಗಿಂದ ಮುಖವೊಂದು ಮೆಲ್ಲಗೆ ಎದ್ದು ಬರುತ್ತಿರುವಂತೆ. ಅರವತ್ತು ವರ್ಷಗಳ ಹಿಂದೆ ಕೊಲ್ಲಾಪುರದ ಕಡೆಯ ಕಲಾವಿದನೊಬ್ಬ ಎರಡು ತಿಂಗಳು ವಾಡೆಯಲ್ಲೇ ಇದ್ದು ಬರೆದದ್ದಂತೆ. ಗುಲಾಬಿ ಕೆನ್ನೆಯ ಕ್ಯಾಲೆಂಡರುಗಳನ್ನು ಬಿಟ್ಟು ಬೇರೇನೂ ಕಾಣದ ಮಾಮಾನಿಗೆ ಚರ್ಮ ಎಂದರೆ ಇದು ಎನಿಸಿತು. ಟ್ರೇಲರಿನ ಮೇಲೆ ಅರ್ಧ ಬರೆದ ಹೆಸರು ಅಂದು ಸಂಜೆಯವರೆಗೂ ಅರ್ಧವೇ ಉಳಿಯಿತು.

ಈ ಚಿತ್ರವನ್ನು ನೋಡಿ ಬರೆದು ಕಲಿಯುತ್ತೇನೆಂದು ಅವನು ಬೇಡಿಕೊಂಡ. ಬಾಬಾಸಾಹೇಬ ತನ್ನ ತಾಯಿಯ ಕಡೆ ಕೈ ತೋರಿಸಿದ. ಆ ಮನೆಯಲ್ಲಿ ನಡೆಯುತ್ತಿದ್ದದ್ದು ಎಪ್ಪತ್ತು ದಾಟಿದ ಅಕ್ಕವ್ವನ ಮಾತು. ಹಿರಿಯ ಕಾಕಾಸಾಹೇಬರು ಅವಳಿಗೆ ಮಾವ. ಹನ್ನೆರಡು ವರ್ಷದವಳಿದ್ದಾಗ ಸೊಸೆಯಾಗಿ ಬಂದು, ಅವರು ಬದುಕಿದ್ದ ಎಂಟು ವರ್ಷವೂ ಒಂದು ದಿನ ಅವರೆದುರು ತಲೆ ಎತ್ತಿದವಳಲ್ಲ. ಆ ಮನೆತನದಲ್ಲಿ ಸೊಸೆ ಮಾವನ ಮುಖ ನೋಡುವುದಿಲ್ಲ, ಮುಟ್ಟುವ ಮಾತು ದೂರವೇ ಉಳಿಯಿತು. ಮಾವ ಹೋಗಿ ಪಟವಾದ ಮೇಲೂ ಆ ರೀತಿ ಬದಲಾಗಲಿಲ್ಲ. ಅಕ್ಕವ್ವ ಆ ಗೋಡೆಯ ಮುಂದೆ ಹಾಯುವಾಗಲೆಲ್ಲ ಸೆರಗನ್ನು ಹಣೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ತಲೆ ತಗ್ಗಿಸಿಯೇ ಕೆಳಗಿದ್ದ ಹಿತ್ತಾಳೆ ಸಮೆಯ ದೀಪ ಹಚ್ಚಿ, ಊದಿನಕಡ್ಡಿ ಸಿಕ್ಕಿಸಿ ಬರುತ್ತಿದ್ದಳು.

“ದೂರ ಕುಂತು ಏನ ಬೇಕಾದ್ದ ಬರಕೋ,” ಎಂದಳು ಮಾಮಾನಿಗೆ. “ಕೆಳಗ ಇಳಸಬ್ಯಾಡ, ಮುಟ್ಟಬ್ಯಾಡ. ಒದ್ದಿ ಅರಬಿ ಹಿಡಕೊಂಡ ಒರಸಾಕ ಹಂತೇಕ ಸೈತ ಹೋಗಬ್ಯಾಡ. ನಾನ ಇವತ್ತಿನ ತನಕಾ ಅವರ ಮಾರಿ ನೋಡಿಲ್ಲ.”

ವಾಡೆಯಲ್ಲಿ ಗೋಡೆ ಒರೆಸುವುದು, ಹಿತ್ತಾಳೆ ತಿಕ್ಕುವುದು ಎಲ್ಲ ಸೊಸೆಯಂದಿರ ಕೆಲಸ. ಅವರ್ಯಾರೂ ಆ ಚಿತ್ರಕ್ಕೆ ಕೈ ಹಚ್ಚುವಂತಿರಲಿಲ್ಲ. ಗಂಡಸರು ಒರೆಸುವ ಬಟ್ಟೆ ಹಿಡಿಯುವವರಲ್ಲ. ಹೀಗೆ ಅರವತ್ತು ವರ್ಷ ಅದನ್ನು ಯಾರೂ ಒರೆಸಿರಲಿಲ್ಲ. ಕೆಳಗೆ ದಿನಾಲೂ ದೀಪ, ಊದು. ಮಗ್ಗುಲಲ್ಲೇ ಅಡುಗೆಮನೆಯ ಬಾಗಿಲು. ಇದೆಲ್ಲ ಮಾಮಾನಿಗೂ ಗೊತ್ತಿತ್ತು. ಎದುರಿಗೇ ಇತ್ತು. ಆದರೆ ಅವನು ಅದನ್ನು ಭಕ್ತಿ ಎಂದುಕೊಂಡ.

ಎಂಟು ವರ್ಷ, ಪ್ರತಿ ಸೋಮವಾರ ಅಂಗಡಿ ಮುಚ್ಚಿ ಅವನು ಅಲ್ಲಿಗೆ ಹೋದ. ಮೊದಲೆರಡು ವರ್ಷ ಬರೀ ಪೆನ್ಸಿಲು. ಚಿತ್ರ ಮುಟ್ಟುವಂತಿರಲಿಲ್ಲವಾದ್ದರಿಂದ ಕಟ್ಟಿಗೆಯ ಚೌಕಟ್ಟಿಗೆ ಅಡ್ಡಕ್ಕೂ ಉದ್ದಕ್ಕೂ ದಾರ ಬಿಗಿದು, ಅದನ್ನು ಕಣ್ಣ ಮುಂದೆ ನಿಲ್ಲಿಸಿಕೊಂಡು, ಒಂದೊಂದು ಚೌಕದಲ್ಲಿ ಎಷ್ಟು ಮೂಗು, ಎಷ್ಟು ಮೀಸೆ ಎಂದು ನೋಡಿ ಬರೆಯುತ್ತಿದ್ದ. ಆಮೇಲೆ ಬಣ್ಣ. ಕ್ಯಾನ್ವಾಸು ಕೊಳ್ಳುವಷ್ಟು ಇರಲಿಲ್ಲ. ಮಂಜರಪಾಟಿನ ಒರಟು ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಬಡಿಗರು ಬಳಸುವ ಸರಸಿನ ಅಂಟನ್ನು ಕುದಿಸಿ ಬಳಿದು, ಮೇಲೆ ಬಿಳಿಬಣ್ಣದ ಅಸ್ತರು ಕೊಡುತ್ತಿದ್ದ. ಬಣ್ಣಕ್ಕೆ ಅಗಸೆ ಎಣ್ಣೆ ಕಲಸುತ್ತಿದ್ದ. ನಾವು ಆಗ ಅಂಗಡಿಯ ಹಿಂದಿನ ಖೋಲಿಗೆ ಬಂದಿದ್ದೆವು. ಅವ್ವ ಮಾಡಿದ ಪಲ್ಲೆಗೂ ಅದೇ ವಾಸನೆ ಹತ್ತುತ್ತಿತ್ತು.

ಹಿರಿಯ ಕಾಕಾಸಾಹೇಬರನ್ನು ಅವನು ಏಳು ಸಲ ನಕಲು ಮಾಡಿದ. ಮೊದಲನೆಯದು ಮಣ್ಣಿನ ಗೊಂಬೆಯಂತಿತ್ತು. ಮೂರನೆಯದರಲ್ಲಿ ಕಣ್ಣು ಬಂತು. ಐದನೆಯದರಲ್ಲಿ ಕೋಲಿನ ಮೇಲಿನ ಬೆರಳುಗಳ ಗೆಣ್ಣು ಬಂದವು. ಮೈಬಣ್ಣದ ಗುಟ್ಟು ತಿಳಿಯಲು ಎಲ್ಲಕ್ಕಿಂತ ಹೆಚ್ಚು ದಿನ ಬೇಕಾಯಿತು. ಮಣ್ಣುಹಳದಿ, ಸುಟ್ಟ ಮಣ್ಣಿನ ಕೆಂಚು, ಸೂಜಿಮೊನೆಯಷ್ಟು ಕಪ್ಪು. ಬಿಳಿಯನ್ನು ಎಂದೂ ಒಂಟಿಯಾಗಿ ಹಚ್ಚಬಾರದು, ಹಳದಿಯ ಜೊತೆಗೇ ಹಚ್ಚಬೇಕು. ಇದನ್ನು ಕಂಡುಹಿಡಿದ ದಿನ ಅವನು ಮನೆಗೆ ಬಂದು, ಗುರು ಇಂದು ಬಾಯಿ ಬಿಟ್ಟ ಎಂದು ಅವ್ವನಿಗೆ ಹೇಳಿದ. ಡಬ್ಬಿಯೊಳಗಿನ ಗುಲಾಬಿ ಬಣ್ಣದ ಟ್ಯೂಬು ಬಿರಡೆ ತೆಗೆಯದೆಯೇ ಒಣಗಿಹೋಯಿತು.

ಒಮ್ಮೆ ಕಾಮಣ್ಣ ಚಿಕ್ಕೋಡಿಗೆ ಬಂದವನು ಅಂಗಡಿಗೆ ಬಂದ. ನಾಲ್ಕನೆಯ ನಕಲು ಗೋಡೆಗೆ ಒರಗಿತ್ತು. ಕನ್ನಡಕ ಹಣೆಗೇರಿಸಿ ಹತ್ತಿರದಿಂದ ನೋಡಿದ, ದೂರ ಸರಿದು ನೋಡಿದ.

“ಮುದಕಗ ಕಾಮಾಲಿ ಆಗಿತ್ತೇನಲೇ ಜಕ್ಯಾ?”

ಮೂಲದಲ್ಲಿ ಇರುವುದೇ ಹಾಗೆ ಎಂದು ಮಾಮಾ ಬಿಗುಮಾನದಿಂದ ಹೇಳಿದ. ಮೂಲವನ್ನೇ ಯಾರಾದರೂ ಒರೆಸಿ ಎಷ್ಟು ದಿನವಾಯಿತು ಎಂದು ಕಾಮಣ್ಣ ಕೇಳಿದ. ಇನ್ನೂ ನಾಲ್ಕು ಚಿತ್ರ ನೋಡಿ ಬಾ, ಕೊಲ್ಲಾಪುರ ಏನು ಕಾಶಿಯಷ್ಟು ದೂರವೇ ಎಂದ. ಮಾಮಾನಿಗೆ ಸಿಟ್ಟು ಬಂದಿತ್ತು.

“ಎರಡ ಹಿಂಡಿನ ಹಿಂದ ಓಡೂ ನಾಯಿ ಯಾವ ಹಿಂಡೂ ಕಾಯೂದಿಲ್ರಿ.”

“ಖರೇ. ಆದ್ರ ಹಿಂಡ ಕಾಯೂ ನಾಯಿಗಿ ಕುರಿ ಯಾವ್ದು, ತ್ವಾಳಾ ಯಾವ್ದು ಅನ್ನೂದರ ಗೊತ್ತಿರಬೇಕು,” ಎಂದು ಕಾಮಣ್ಣ ಚಹಾ ಕುಡಿಯದೆ ಎದ್ದು ಹೋದ. ಅಂದಿನಿಂದ ಮಾಮಾ ನಿಪ್ಪಾಣಿಯ ದಾರಿ ಬಿಟ್ಟ.

ಪಟ ಬರೆಸಲು ಜನ ಬರತೊಡಗಿದರು. ಫೋಟೋದಷ್ಟೇ ಹೋಲಿಕೆ, ಮೇಲೆ ಒಂದು ಗಾಂಭೀರ್ಯ. ಹೋದವರು ಬದುಕಿದ್ದಾಗ ಇಲ್ಲದಷ್ಟು ದೊಡ್ಡವರಾಗಿ ಕಾಣುತ್ತಿದ್ದರು. ಅದು ಮನೆಯವರಿಗೆ ಹಿಡಿಸುತ್ತಿತ್ತು. ತನ್ನ ತಾಯಿ ಇನ್ನಷ್ಟು ಕೆಂಪಗಿದ್ದಳು ಎಂದು ರಾಯಬಾಗದವನೊಬ್ಬ ಹೇಳಿದಾಗ, ಕೆನ್ನೆಗೆ ಕುಂಕುಮ ಬಳಿದ ಚಿತ್ರ ಬೇಕಾದರೆ ಬಜಾರದಲ್ಲಿ ಸಿಗುತ್ತದೆ ಎಂದು ಮಾಮಾ ಅಂದುಬಿಟ್ಟ. ಆ ಮನುಷ್ಯ ತಲೆ ತಗ್ಗಿಸಿ ಪಟ ಒಯ್ದ. ಮಾಮಾ ಮರುಮದುವೆ ಆಗಲಿಲ್ಲ. ಗೋಡೆಯ ಮೇಲಿನ ಮುದುಕನ ಮುಖ ನೋಡುತ್ತ ಕೂತರೆ ವಂಶ ಬೆಳೆಯುತ್ತದೆಯೇ ಎಂದು ಅವ್ವ ಹಂಗಿಸುವಳು. ಅವನು ಬ್ರಶ್ಶು ತೊಳೆಯುತ್ತ, ಕೈ ಇನ್ನೂ ಬಂದಿಲ್ಲ ಎನ್ನುವನು. ಕೇಳಿದ್ದಕ್ಕೂ ಹೇಳಿದ್ದಕ್ಕೂ ಸಂಬಂಧವಿಲ್ಲವೆಂದು ಸಣ್ಣವಳಾದ ನನಗೆ ಅನಿಸುತ್ತಿತ್ತು. ಸಂಬಂಧವಿತ್ತು.

ಎಂಬತ್ತೊಂಬತ್ತರಲ್ಲಿ, ಏಳನೆಯ ನಕಲು ಮುಗಿದ ಮೇಲೆ, ಅವನು ಸಾವಿತ್ರೆವ್ವನನ್ನು ಬರೆಯಲು ಕೂತ. ನಾಲ್ಕು ತಿಂಗಳು ಹಿಡಿಯಿತು. ಬೋರ್ಡಿನ ಕೆಲಸ ಬಂದರೂ ವಾಪಸ್ಸು ಕಳಿಸುತ್ತಿದ್ದ. ಮುಗಿಸಿ ನಮ್ಮನ್ನು ಒಳಗೆ ಕರೆದಾಗ ಅವಳು ಸೆರಗು ಹಿಂದೆ ಸರಿಸಿ, ಮುಖ ಎತ್ತಿ ಕೂತಿದ್ದಳು. ಫೋಟೋದಲ್ಲಿ ಕಾಣದ ಕಣ್ಣುಗಳನ್ನು ಅವನು ನೆನಪಿನಿಂದ ತಂದಿದ್ದ. ಏನೋ ಕೇಳಿಸಿಕೊಂಡು, ಉತ್ತರ ಕೊಡಲೋ ಬೇಡವೋ ಎನ್ನುವ ಕಣ್ಣು. ಅವ್ವ ಬಾಗಿಲಲ್ಲೇ ಕುಸಿದು ಕೂತು ಅತ್ತಳು. ವಸ್ತಿಯಿಂದ ಬಂದವರೂ, ಓಣಿಯವರೂ ಅವಳೇ ಎಂದರು. ಕಂದುಬಣ್ಣದ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಎಂಟು ವರ್ಷದಲ್ಲಿ ನಮಗೆಲ್ಲ ಆ ಬಣ್ಣ ರೂಢಿಯಾಗಿತ್ತು.

ಎಂಟು ದಿನಕ್ಕೆ ಚಿಂಚಲಿಯಿಂದ ಸಾವಿತ್ರೆವ್ವನ ತಾಯಿ ಮಲಕವ್ವ ಬಂದಳು. ಪಟದ ಮುಂದೆ ಕೂತು ಮಗಳ ಜೊತೆ ಬಹಳ ಹೊತ್ತು ಮಾತಾಡಿದಳು. ಕುರಿ ಈದದ್ದು, ತಂಗಿಗೆ ಗಂಡುಮಗು ಹುಟ್ಟಿದ್ದು. ಹೊರಡುವಾಗ ಪಟವನ್ನು ಕಂಬಳಿಯಲ್ಲಿ ಸುತ್ತತೊಡಗಿದಳು. ಅವ್ವ ತಡೆದಳು.

“ನಿಮ್ಮ ಮನ್ಯಾಗ ಮೂರ ವರ್ಸ ಇದ್ಲು,” ಎಂದಳು ಮಲಕವ್ವ. “ನನ್ನ ಮನ್ಯಾಗ ಹದಿನೇಳ ವರ್ಸ ಇದ್ಲು.”

ಮಾಮಾ ಗಂಟು ಬಿಗಿದು ಕೊಟ್ಟು, ಬಸ್ಸಿನವರೆಗೆ ತಲೆಯ ಮೇಲೆ ಹೊತ್ತುಕೊಂಡು ಹೋದ. ಮುಂದಿನ ಐದು ವರ್ಷ ಅವನು ಸುಖವಾಗಿದ್ದ ಎನ್ನಬಹುದು. ಹೇಳಿದ್ದನ್ನು ಮಾಡಿದ್ದೇನೆ ಎನ್ನುವ ಮನುಷ್ಯನ ನಡಿಗೆ ಅವನಿಗೆ ಬಂದಿತ್ತು.

ತೊಂಬತ್ಮೂರರಲ್ಲಿ ಅಕ್ಕವ್ವ ತೀರಿಕೊಂಡಳು. ಮರುವರ್ಷ ಬಾಬಾಸಾಹೇಬ ಮಗನ ಮದುವೆಗೆಂದು ವಾಡೆಗೆಲ್ಲ ಹೊಸ ಬಣ್ಣ ಹೊಡೆಸಿದ. ಅಜ್ಜನ ಚಿತ್ರ ಮಾತ್ರ ಹಳೆಯದಾಗಿ ಕಾಣುತ್ತಿದೆಯೆಂದು, ಹಳೆಯ ಚಿತ್ರ ತೊಳೆದು ಕೊಡುವ ನೇಮಿನಾಥ ಎಂಬುವರನ್ನು ಮಿರಜದಿಂದ ಕರೆಸಿದ. ಇಳಿಸಲು, ಹಿಡಿಯಲು ಮಾಮಾನಿಗೂ ಹೇಳಿಕಳಿಸಿದ್ದ. ಅದರ ಮೂಲೆಮೂಲೆ ಬಲ್ಲವನು ಅವನೊಬ್ಬನೇ ಆಗಿದ್ದ. ಅಲ್ಲಿ ನಡೆದದ್ದನ್ನು ಮಾಮಾ ಒಂದೇ ಸಲಕ್ಕೆ ಹೇಳಲಿಲ್ಲ. ತಿಂಗಳುಗಟ್ಟಲೆ ತುಣುಕು ತುಣುಕಾಗಿ ಹೇಳಿದ.

ಚಿತ್ರವನ್ನು ಕೆಳಗಿಳಿಸಿ ಬೆಳಕಿಗೆ ತಂದರು. ನೇಮಿನಾಥರು ಒಂದು ಕಡ್ಡಿಗೆ ಹತ್ತಿ ಸುತ್ತಿ, ಬಾಯಲ್ಲಿಟ್ಟು ಉಗುಳಿನಿಂದ ತೋಯಿಸಿ, ಹಿರಿಯ ಕಾಕಾಸಾಹೇಬರ ಕೆನ್ನೆಗೆ ಹಚ್ಚಿದರು. ಮಾಮಾ ಒಂದು ಹೆಜ್ಜೆ ಮುಂದೆ ಬಂದ. ಎಂಟು ವರ್ಷ ಅವನು ಒಂದು ಬೆರಳು ತಾಕಿಸಿರಲಿಲ್ಲ. ಉಗುಳಿನಷ್ಟು ಮೆತ್ತಗಿನ ಔಷಧ ಬೇರೆ ಇಲ್ಲ ಎಂದು ನೇಮಿನಾಥರು ಸಮಾಧಾನ ಹೇಳುತ್ತ ಸಣ್ಣಗೆ ತಿಕ್ಕಿದರು. ಹತ್ತಿ ಕಪ್ಪಾಯಿತು. ಇನ್ನೊಂದು ಹತ್ತಿ, ಅದೂ ಕಪ್ಪಾಯಿತು. ನಾಲ್ಕನೆಯ ಹತ್ತಿಗೆ ಕೆನ್ನೆಯ ಮೇಲೆ ರೂಪಾಯಿಯಗಲ ಜಾಗದಲ್ಲಿ ಕೆಂಪು ಕಂಡಿತು. ಎಳೆಬಿಸಿಲಿಗೆ ಹೊಲ ತಿರುಗಿ ಬಂದವನ ಕೆನ್ನೆಯ ಕೆಂಪು. ಮಾಮಾ ಅವರ ಕೈ ಹಿಡಿದುಬಿಟ್ಟ.

“ಬಣ್ಣಾ ಕಿತ್ತ ಬರಾಕತ್ತೈತ್ರಿ. ಬಿಡ್ರಿ.”

“ಬಣ್ಣ ಅಲ್ರಿ ಅದು, ಹೊಗಿ,” ಎಂದರು ನೇಮಿನಾಥರು. “ಬಣ್ಣ ಈಗ ಬರಾಕತ್ತೈತಿ.”

ಮೂರು ದಿನ ಕೆಲಸ ನಡೆಯಿತು. ಉಗುಳು ಮುಗಿದು ಔಷಧ ಹಚ್ಚಿದಾಗ ಮೇಲಿನ ಹಳದಿಗಟ್ಟಿದ ವಾರ್ನಿಷು ಒಂದೊಂದೇ ಪದರಾಗಿ ಎದ್ದುಬಂತು. ಮಾಮಾ ಕಪ್ಪುಹಸಿರು ಎಂದುಕೊಂಡಿದ್ದ ಶಾಲು ನೀಲಿಯಾಯಿತು. ಗವ್ವೆನ್ನುವ ಕತ್ತಲೆ ಇದ್ದಲ್ಲಿ ಒಂದು ಕಿಟಕಿ ತೆರೆಯಿತು. ಕಿಟಕಿಯಾಚೆ ದೂಧಗಂಗೆ, ಅದರ ಆಚೆಯ ದಂಡೆಯಲ್ಲಿ ಒಂದು ಗಿಡ. ಏಳೂ ನಕಲುಗಳಲ್ಲಿ ಬಿಗಿದುಕೊಂಡಿದ್ದ ಮುದುಕರ ತುಟಿಯ ಕೊನೆಯಲ್ಲಿ ನಗೆಯಿತ್ತು. ಮನೆಯ ಹೊಸ ಸೊಸೆಯರು ಬಾಗಿಲ ಮರೆಯಿಂದ ಇಣುಕಿ ನೋಡಿ, ಅಜ್ಜ ಎಷ್ಟು ಚೆಂದ ಎಂದು ಪಿಸುಗುಟ್ಟಿದರು.

ಸಂಜೆ ನೆಂಟರು ಕೂತಿದ್ದಾಗ ಬಾಬಾಸಾಹೇಬ ಮಾಮಾನ ಬೆನ್ನ ಮೇಲೆ ಕೈಯಿಟ್ಟು ನಕ್ಕ.

“ಇಂವಾ ನಮ್ಮ ಅಜ್ಜಾರ ಮ್ಯಾಲಿನ ಮಸಿ ಹೊತಗೊಂಡ ಹೋಗಿ ಸೀಮಿ ಮ್ಯಾಗಿನ ಹೆಣಕ್ಕೆಲ್ಲಾ ಬಳದಾನ ನೋಡ್ರಿ.”

ಎಲ್ಲರೂ ನಕ್ಕರು. ಕೇಡು ಬಯಸಿ ಆಡಿದ ಮಾತಲ್ಲ, ಮದುವೆಮನೆಯ ಮಾತು. ವಾರದೊಳಗೆ ಅದು ಚಿಕ್ಕೋಡಿ ಬಜಾರಕ್ಕೂ ಬಂದಿತ್ತು.

ನೇಮಿನಾಥರು ಮಾತ್ರ ನಗಲಿಲ್ಲ. ಊರಿಗೆ ಮರಳುವಾಗ ಚಿಕ್ಕೋಡಿಯಲ್ಲಿ ಇಳಿದು ಅಂಗಡಿಗೆ ಬಂದು, ಏಳೂ ನಕಲುಗಳನ್ನು ಸಾಲಾಗಿ ಇಡಿಸಿ ನೋಡಿದರು. ಕೊನೆಯದರ ಮುಂದೆ ಬಹಳ ಹೊತ್ತು ನಿಂತರು. ನಾನು ಅಲ್ಲೇ ಇದ್ದೆ.

“ಕೈ ಭಾಳ ಚೊಲೋ ಐತ್ರಿ ನಿಮ್ದು,” ಎಂದರು. “ಯಾರರ ಒಂದ ಸರತಿ ಹೇಳಬೇಕಾಗಿತ್ತು.”

“ಹೇಳಿದ್ರು,” ಎಂದ ಮಾಮಾ.

ಬಜಾರದ ನಗೆ ಅವನಿಗೆ ಅಷ್ಟು ನಾಟಲಿಲ್ಲ. ಇಬ್ಬರು ಮೂವರು ಪಟ ತಂದು, ನಮ್ಮಪ್ಪನಿಗೆ ಹಿಡಿದ ಹೊಗೆ ತೊಳೆದು ಕೊಡು ಎಂದು ಜಗಳಾಡಿದರು. ಅದನ್ನೂ ತಲೆ ತಗ್ಗಿಸಿ ಕೇಳಿದ. ಒಳಗೆ ಅವನನ್ನು ತಿನ್ನುತ್ತಿದ್ದದ್ದು ಬೇರೆ. ತಾನು ಸಾವಿತ್ರೆವ್ವನಿಗೆ ಹಚ್ಚಿದ್ದು ಅವಳ ಬಣ್ಣವೋ, ಯಾರದೋ ಮನೆಯ ಅಡುಗೆಹೊಗೆಯೋ? ಹೊಗೆಯೇ ಆದರೆ ತೆಗೆದು ಮತ್ತೆ ಬರೆಯಬಹುದು. ಕೈ ಇತ್ತು. ಈಗ ಗುಲಾಬಿಯನ್ನು ಎಲ್ಲಿ, ಎಷ್ಟು ಹಚ್ಚಬೇಕೆಂಬುದನ್ನೂ ಮೂರು ದಿನದಲ್ಲಿ ಕಂಡುಬಂದಿದ್ದ. ಹೊಸ ಬಟ್ಟೆ ಬಿಗಿದ, ಅಸ್ತರು ಕೊಟ್ಟ, ಬಣ್ಣ ಕಲಸಲು ಕೂತ. ಎರಡು ದಿನ ಹೇಗೋ ಕೂತು ಎದ್ದುಬಿಟ್ಟ.

ರೊಟ್ಟಿ ಬಡಿಯುತ್ತಿದ್ದ ಅವ್ವನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

“ನನಗ ಗೊತ್ತಿತ್ತಕ್ಕಾ. ಬರಿಯಾಕ ಬರತಿದ್ದಿಲ್ಲ, ಆದ್ರ ಗೊತ್ತಿತ್ತು. ಈಗ ಕಣ್ಣ ಮುಚ್ಚಿದ್ರ ಆಕಿ ಬರವಲ್ಲಳು. ಪಟಾ ಬರತೈತಿ.”

ಹೇಗಿದ್ದಳು ಹೇಳು ಎಂದು ಕೇಳಿದ. ಅವ್ವ ಮೊದಲು ಕೆಂಪಗಿದ್ದಳು ಎಂದಳು. ಯಾರ ಹಾಗೆ ಕೆಂಪು ಎಂದು ಕೇಳಿದ್ದಕ್ಕೆ, ಅಷ್ಟೇನೂ ಕೆಂಪಲ್ಲ, ಸಾದಗಪ್ಪು ಎಂದಳು. ಮರುದಿನ ಗೋಧಿಬಣ್ಣ ಎಂದಳು. ಮೂರನೆಯ ದಿನ ಮತ್ತೆ ಕೇಳಿದಾಗ ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು.

“ಬಣ್ಣಾ ಯಾರ ನೋಡಿದ್ವೋ ಜಕ್ಕಪ್ಪಾ? ಆಕೀ ಕೆಲಸಾ ನೋಡತಿದ್ವಿ.”

ಅವನು ನನ್ನನ್ನೂ ಕೇಳಿದ. ಸಾವಿತ್ರೆವ್ವ ಹೋದಾಗ ನನಗೆ ಐದು ವರ್ಷ. ತಲೆ ಬಾಚುವಾಗ ನನ್ನ ಗದ್ದವನ್ನು ಬಿಗಿಯಾಗಿ ಹಿಡಿಯುತ್ತಿದ್ದ ಅವಳ ಕೈ ನೆನಪಿದೆ. ಬೆರಳ ಬಿಗಿ, ಕೊಬ್ಬರಿ ಎಣ್ಣೆಯ ಜಿಡ್ಡು. ಕೈಯ ಬಣ್ಣ ನೆನಪಿಲ್ಲ. ಸುಳ್ಳಾದರೂ ಏನಾದರೊಂದು ಹೇಳಬೇಕೆನಿಸಿತು, ಆದರೆ ನೆನಪಿಲ್ಲ ಎಂದೆ.

ಆಗ ಮಾಮಾ ಒಂದು ಹಲಗೆಯ ಮೇಲೆ ಹದಿನೆಂಟು ಮೈಬಣ್ಣ ಕಲಸಿ ಹಚ್ಚಿದ. ಎಳೆಗೋಧಿಯಿಂದ ಎಣ್ಣೆಗಪ್ಪಿನವರೆಗೆ, ಮೂರು ಸಾಲು, ಒಂದೊಂದೂ ಹೆಬ್ಬೆರಳಗಲ. ಆ ಹದಿನೆಂಟರಲ್ಲಿ ಒಂದು, ನಡುಸಾಲಿನದು, ತನ್ನದೇ ಹಳೆಯ ಕಂದು. ಅದು ಅಲ್ಲವೆಂದು ಖಾತ್ರಿಯಾಗಬೇಕಿತ್ತು ಅವನಿಗೆ. ಹಡೆದವಳು ಮರೆಯುವುದಿಲ್ಲ ಎಂದ. ದಸರೆಯ ರಜೆಯಿತ್ತು, ನಾನೂ ಜೊತೆಗೆ ಹೊರಟೆ. ರಾಯಬಾಗದಲ್ಲಿ ಬಸ್ಸು ಬದಲಿಸಿ ಚಿಂಚಲಿಗೆ ಹೋಗುವವರೆಗೂ ಅವನು ಬಣ್ಣ ಇನ್ನೂ ಆರದ ಹಲಗೆಯನ್ನು ತೊಡೆಯ ಮೇಲೆ ಹಸಿಗೂಸಿನಂತೆ ಹಿಡಿದುಕೊಂಡಿದ್ದ. ಎಲ್ಲ ಸರಿಯಾಗುತ್ತದೆ ಎನ್ನುವವನಂತೆ ದಾರಿಯುದ್ದಕ್ಕೂ ನನ್ನ ಕಾಲೇಜಿನ ಸುದ್ದಿ ಕೇಳುತ್ತಿದ್ದ.

ಮಲಕವ್ವ ಅಂಗಳದಲ್ಲಿ ಉಣ್ಣೆ ನೂಲುತ್ತಿದ್ದಳು. ಎಪ್ಪತ್ತರ ಹತ್ತಿರವಾದರೂ ದೂರದ ಹಿಂಡಿನಲ್ಲಿ ತನ್ನ ಕುರಿ ಗುರುತಿಸುವ ಕಣ್ಣು. ಅಳಿಯ ಬಂದನೆಂದು ಕಂಬಳಿ ಹಾಸಿದಳು, ನನ್ನ ಗಲ್ಲ ಹಿಡಿದು ಮದುವೆ ಯಾವಾಗ ಎಂದಳು. ಮಾಮಾ ಹಲಗೆಯನ್ನು ಅವಳ ಮುಂದಿಟ್ಟು, ಸಾವಿತ್ರಿಯ ಮೈಬಣ್ಣ ಇದರಲ್ಲಿ ಯಾವುದು, ಬೇಗ ಬೇಡ, ನೆನೆದು ಹೇಳು ಎಂದ.

ಅವಳಿಗೆ ನೆನೆಯುವ ಕೆಲಸವೇ ಬೀಳಲಿಲ್ಲ. ಬೆರಳು ನೇರವಾಗಿ ನಡುಸಾಲಿನ ಕಂದಿನ ಮೇಲೆ ಹೋಯಿತು.

“ಇದು.”

ಮಾಮಾ ಹಲಗೆಯನ್ನು ತಲೆಕೆಳಗು ಮಾಡಿ ಹಿಡಿದ. ಬೆರಳು ಮತ್ತೆ ಅಲ್ಲಿಗೇ ಬಂತು. ಉಳಿದ ಎರಡು ಸಾಲು ಮುಚ್ಚಿದ, ಆಮೇಲೆ ಆ ಕಂದಿಗೇ ಅಂಗೈ ಅಡ್ಡ ಹಿಡಿದು, ಮಿಕ್ಕವುಗಳಲ್ಲಿ ಹೇಳು ಎಂದ. ಮಲಕವ್ವ ಅವನ ಕೈಯನ್ನೇ ಎತ್ತಿ ಸರಿಸಿ, ಇದನ್ನೇಕೆ ಮುಚ್ಚುತ್ತೀ, ಇದೇ ನನ್ನ ಮಗಳು ಎಂದಳು.

ಒಳಗೆ ಗೋಡೆಯ ಮೇಲೆ ಸಾವಿತ್ರೆವ್ವನ ಪಟ ಬಾಗಿಲಿಂದಲೇ ಕಾಣುತ್ತಿತ್ತು. ಐದು ವರ್ಷದಿಂದ ಮಲಕವ್ವ ದಿನಾಲೂ ಅದರ ಜೊತೆ ಮಾತಾಡುತ್ತಿದ್ದಳು. ಕೆಳಗೆ ಅವಳ ಒಲೆ. ಮಾಮಾ ಅತ್ತ ನೋಡಿದ, ಮತ್ತೆ ಅವಳನ್ನು ನೋಡಿದ. ಅವನ ದನಿ ಬಹಳ ಮೆತ್ತಗಿತ್ತು.

“ಅತ್ತಿ, ನೀ ಆಕೀನ ನೆನಸಿ ಹೇಳಾಕತ್ತಿಯೋ, ನಾ ಬರದದ್ದ ನೆನಸಿ ಹೇಳಾಕತ್ತಿಯೋ?”

ಮಲಕವ್ವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು.

“ಎರಡೂ ಬ್ಯಾರೆ ಅದಾವೇನಪಾ?”

ಪಟ ತೆಗೆದುಕೊಂಡು ಹೋಗಿ ಬೇರೆ ಬರೆದು ತರುತ್ತೇನೆಂದು ಅವನು ಕೇಳಲೇ ಇಲ್ಲ. ಅವಳು ಚಹಾಕ್ಕಿಡಲು ಒಳಗೆ ಹೋದಳು. ಮಾಮಾ ಅವಳು ನೂಲುತ್ತಿದ್ದ ಉಣ್ಣೆಯ ಒಂದು ಹಿಡಿ ತೆಗೆದುಕೊಂಡು ಹಲಗೆಯನ್ನು ಒರೆಸಿದ. ಹದಿನೆಂಟೂ ಒಂದರೊಳಗೊಂದು ಕಲಸಿಹೋದವು.

ಆಮೇಲೆ ಅವನು ಯಾರ ಮುಖವನ್ನೂ ಬರೆದಿಲ್ಲ. ಈಗಲೂ ಅಪರೂಪಕ್ಕೆ ದೂರದ ಅಥಣಿ ಕಡೆಯಿಂದ, ಹಳೆಯ ಸಂಗತಿ ತಿಳಿಯದವರು, ಹೋದವರ ಫೋಟೋವನ್ನು ಎದೆಗವಚಿಕೊಂಡು ಬರುತ್ತಾರೆ. ಕೈ ನಡುಗುತ್ತವೆ, ಆಗುವುದಿಲ್ಲ ಎಂದು ಮಾಮಾ ಅವರನ್ನು ಕಳಿಸುತ್ತಾನೆ. ಹೋಗುವಾಗ ಅವರು ಹಾಯುವುದು ಅವನೇ ಈಚೆಗೆ ಬರೆದ ಬೋರ್ಡುಗಳ ಕೆಳಗಿನಿಂದ. ಒಂದಕ್ಷರವೂ ಎಲ್ಲಿಯೂ ಅಲುಗಿಲ್ಲ.